ಕಾಯಕವೂ ಕೃತಕ ಬುದ್ಧಿಯೂ

ಕಳೆದ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ಪರಮಪೂಜ್ಯರ ಆಶೀರ್ವಚನ ಮುಗಿದು ಭಕ್ತರು ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ಎದ್ದು ಕೈಮುಗಿದರು. "ಬುದ್ಧೀ, ನಾವು ಹುಟ್ಟಿದಾಗಿಂದ ಬುದ್ಧಿ ಅಂತ ಕರೆದಿರಾದು ತಮ್ಮನ್ನ. ಈಗ ನನ್ನ ಮೊಮ್ಮಗ ಮೊಬೈಲೊಳಗೆ ಇನ್ನೊಬ್ಬ ಬುದ್ಧಿ ಬಂದವ್ನೆ, ಕೃತಕ ಬುದ್ಧಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತಾನೆ, ಲೆಕ್ಕ ಬರೀತಾನೆ ಅಂತಾನೆ. ಹುಡುಗನ್ನ ಬಿ.ಕಾಂ.ಗೆ ಹಾಕಿವಿ. ಲೆಕ್ಕವೆಲ್ಲ ಅದೇ ಬರೆಯೋದಾದ್ರೆ ಇವನು ಓದಿ ಏನ್ ಮಾಡಾನು? ಬಿಡಿಸಿ ಹೊಲಕ್ಕೆ ಕರ್ಕೊಳ್ಳಾದಾ?" ಸಭೆ ನಕ್ಕಿತು. ಅವರು ನಗಲಿಲ್ಲ.

ಪೂಜ್ಯರು ನಮ್ಮ ಕಡೆ ನೋಡಿ, "ಲೆಕ್ಕದವರು ಇಲ್ಲೇ ಇದ್ದಾರೆ, ಅವರೇ ಹೇಳಲಿ" ಎಂದು ಅಪ್ಪಣೆ ಕೊಡಿಸಿದರು. ಅಂದು ನಾವು ಆಡಿದ್ದು ನಾಲ್ಕೇ ಮಾತು. ಪ್ರಸಾದಕ್ಕೆ ಹೊತ್ತಾಗಿತ್ತು ಎಂಬುದು ನೆಪ. ಹೇಳಬೇಕಾದದ್ದರಲ್ಲಿ ನಮ್ಮದೇ ಒಂದು ತಪ್ಪು ಸೇರಿತ್ತು ಎಂಬುದೇ ನಿಜವಾದ ಕಾರಣ. ಪೂಜ್ಯರಲ್ಲಿ ಅದನ್ನು ನಿವೇದಿಸಿಕೊಂಡಾಗ, "ಹಾಗಾದರೆ ಬರೆದೇ ಬಿಡಿ, ಎಲ್ಲರೂ ಓದಲಿ" ಎಂದರು. ಆದ್ದರಿಂದ ಈ ಬರಹ.

ಮೊದಲು ನಮ್ಮ ಹೊಲದ ಮಾತಿನಿಂದಲೇ ಹೊರಡೋಣ. ತಾಳವಾಡಿ ಸೀಮೆಯಲ್ಲಿ ಅರಿಸಿನ ಬೇಯಿಸುವುದೆಂದರೇನೆಂದು ಹಿರಿಯರಿಗೆ ವಿವರಿಸಬೇಕಾಗಿಲ್ಲ. ಕಾಲೇಜಿಗೆ ಹೋಗುವ ಮಕ್ಕಳೂ ಈ ಪುಟ ಓದುತ್ತಾರೆಂಬ ಆಸೆಯಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಅಗೆದ ಹಸಿ ಅರಿಸಿನದಲ್ಲಿ ಕೊಂಬು ಬೇರೆ, ಗೆಡ್ಡೆ ಬೇರೆ ಮಾಡಬೇಕು. ಈರೋಡಿನ ಮಂಡಿಯವರು ವಿರಲಿ, ಕಿಳಂಗು ಎನ್ನುವುದು ಇವನ್ನೇ. ಅದನ್ನು ದೊಡ್ಡ ಕೊಪ್ಪರಿಗೆಗೆ ತುಂಬಿ, ಮುಳುಗುವಷ್ಟು ನೀರು ಹಾಕಿ, ಮೇಲೆ ಎಲೆಯನ್ನೋ ಗೋಣಿಯನ್ನೋ ಹೊದಿಸಿ ಬೆಂಕಿ ಹಾಕುತ್ತಿದ್ದರು. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಬೇವು. ಆದರೆ ಗಂಟೆ ನೋಡಿ ಇಳಿಸುವವರು ಯಾರೂ ಇರಲಿಲ್ಲ. ನೊರೆ ಉಕ್ಕಿ, ಬಿಳಿ ಹಬೆ ಎದ್ದು, ಹಸಿ ವಾಸನೆ ಹೋಗಿ ಬೆಂದ ವಾಸನೆ ತಿರುಗಿದಾಗ, ಒಲೆಯ ಮುಂದೆ ಕುಳಿತ ಹಿರಿಯರು ಒಂದು ಕೊಂಬನ್ನು ತೆಗೆದು ಕಡ್ಡಿ ಚುಚ್ಚಿ ನೋಡುತ್ತಿದ್ದರು, ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ. ಕಡಿಮೆ ಬೆಂದರೆ ಒಣಗಿದ ಮೇಲೆ ಪೆಡಸಾಗಿ ಚೂರುಚೂರಾಗುತ್ತದೆ. ಆಮೇಲೆ ಹತ್ತು ಹದಿನೈದು ದಿನ ಬಿಸಿಲು. ಚೆನ್ನಾಗಿ ಒಣಗಿದ ಕೊಂಬನ್ನು ಮುರಿದರೆ ಲೋಹ ಬಡಿದ ಹಾಗೆ ಸದ್ದು ಬರಬೇಕು. ಮಂಡಿಯ ವರ್ತಕರು ಆ ಸದ್ದು ಕೇಳಿಯೇ ತೇವ ಉಳಿದಿದೆಯೋ ಇಲ್ಲವೋ ಹೇಳುತ್ತಿದ್ದರು. ಈರೋಡಿನ ಅರಿಸಿನಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದು ಕಾಗದದ ಮೇಲಿನ ಗೌರವ. ಆ ಗೌರವದ ಹಿಂದೆ ಇದ್ದದ್ದು ಇಂಥ ಮೂಗು, ಬೆರಳು, ಕಿವಿಗಳು.

ಈಗ ಹಬೆಯ ಬಾಯ್ಲರ್ ಬಂದಿದೆ. ಹೊಲದ ಬದಿಗೇ ಬಂದು ನಿಲ್ಲುತ್ತದೆ. ಕೊಪ್ಪರಿಗೆಯಲ್ಲಿ ಇಡೀ ದಿನ ಹಿಡಿಯುತ್ತಿದ್ದ ಕೆಲಸ ಬೇಗ ಮುಗಿಯುತ್ತದೆ, ಸೌದೆ ನೀರು ಎರಡೂ ಉಳಿಯುತ್ತವೆ. ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ಇಡೀ ರಾತ್ರಿ ಒಲೆ ಉರಿಸುತ್ತಿದ್ದ ಹೆಣ್ಣುಮಕ್ಕಳಿಗೆ ಬಿಡುಗಡೆಯಾಗಿದೆ. ಕೊಪ್ಪರಿಗೆಯ ಕಾಲವೇ ಚೆನ್ನಾಗಿತ್ತು ಎಂದು ಹಲುಬುವವರ ಪೈಕಿ ನಾವಲ್ಲ. ಹಾಗೆ ಹಲುಬುವವರಲ್ಲಿ ಬಹಳ ಮಂದಿ ಒಲೆಯ ಮುಂದೆ ಕುಳಿತವರೂ ಅಲ್ಲ.

ರಾಮನಗರದ ರೇಷ್ಮೆ ಕೆಲಸವನ್ನೂ ನೋಡಿ. ನಮ್ಮಲ್ಲೂ ಹಿಪ್ಪುನೇರಳೆ ಇಟ್ಟವರಿದ್ದಾರೆ, ಅವರಿಗೆ ಆ ಮಾರುಕಟ್ಟೆ ಗೊತ್ತು. ಚರಕದಲ್ಲಿ ನೂಲು ತೆಗೆಯುವವರು ಕುದಿಯುವ ನೀರಿನ ಗೂಡುಗಳಲ್ಲಿ ಬರಿಗೈ ಆಡಿಸಬೇಕಾಗಿತ್ತು. ಚರ್ಮ ಬಿರಿದು ಹುಣ್ಣಾಗುತ್ತಿತ್ತು. ಮಕ್ಕಳನ್ನು ಸಾಲಕ್ಕೆ ಒತ್ತೆಯಿಟ್ಟು ಆ ಕೆಲಸಕ್ಕೆ ದೂಡುತ್ತಿದ್ದ ಸಂಗತಿಯನ್ನು 1996ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ಜಗತ್ತಿಗೇ ತಿಳಿಯುವಂತೆ ವರದಿ ಮಾಡಿತು. ಈಗಿನ ಸ್ವಯಂಚಾಲಿತ ನೂಲು ಬಿಚ್ಚಾಣಿಕೆ ಯಂತ್ರದಲ್ಲಿ ಎಳೆ ತೆಳುವಾಯಿತೆಂದು ಯಂತ್ರವೇ ಅರಿತು, ಹೊಸ ಗೂಡಿನ ಎಳೆಯನ್ನು ತಾನೇ ಸೇರಿಸುತ್ತದೆ. ಮೊದಲು ಅದನ್ನು ಅರಿಯುತ್ತಿದ್ದದ್ದು ಬೆಂದ ಬೆರಳು. ಮಗುವಿನ ಕೈ ಬೇಯುವುದು ತಪ್ಪುವುದಾದರೆ ಅಂಥ ಯಂತ್ರಕ್ಕೆ ನಾವು ಕೈಮುಗಿಯುತ್ತೇವೆ. ದಯವೇ ಧರ್ಮದ ಬೇರೆಂದು ನಂಬಿದವರು ಇದರಲ್ಲಿ ಎರಡು ಮಾತಾಡುವಂತಿಲ್ಲ.

ಆದರೂ ಹಬೆಯ ಬಾಯ್ಲರಿನ ಜೊತೆಯಲ್ಲೇ ನಡೆದ ಒಂದು ಸಂಗತಿ ಉಂಟು. ಕೆಲವು ವರ್ಷಗಳ ಕೆಳಗೆ ಭಕ್ತರೊಬ್ಬರ ಹೊಲದಲ್ಲಿ, ಆಳು ಸಿಗದ ಅವಸರದಲ್ಲಿ ಕೊಂಬನ್ನೂ ಗೆಡ್ಡೆಯನ್ನೂ ಬೇರ್ಪಡಿಸದೆ ಒಟ್ಟಿಗೆ ತುಂಬಿದರು. ಯಂತ್ರದ ಹುಡುಗ ಗಡಿಯಾರ ನೋಡಿ ಇಷ್ಟು ನಿಮಿಷ ಎಂದು ಇಳಿಸಿದ. ಮನೆಯ ಯಜಮಾನರು ಪಕ್ಕದಲ್ಲೇ ನಿಂತಿದ್ದರು. "ವಾಸನೆ ಇನ್ನೂ ತಿರುಗಿಲ್ಲ ಕನಪ್ಪ" ಎಂದು ಒಂದು ಸಲ ಅಂದರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಂಡಿಯಲ್ಲಿ ವರ್ತಕರು ಗೆಡ್ಡೆ ಮುರಿದು ನೋಡಿ ಬೆಲೆ ಇಳಿಸಿದರು. ಯಂತ್ರ ಕೆಟ್ಟಿರಲಿಲ್ಲ. ಹುಡುಗನೂ ಸೋಮಾರಿಯಲ್ಲ. ಬೆಂದಿದೆಯೋ ಇಲ್ಲವೋ ಎಂದು ಹೇಳಬಲ್ಲವರು ಅಲ್ಲೇ ಇದ್ದರು, ಅವರ ಮಾತು ನಡೆಯಲಿಲ್ಲ. ಮುಂದಿನ ತಲೆಮಾರಿನಲ್ಲಿ ಅಲ್ಲಿ ನಿಂತು ಹೇಳುವವರೂ ಇರುವುದಿಲ್ಲವಲ್ಲ ಎಂಬುದೇ ನಮ್ಮ ಚಿಂತೆ.

ಈ ಕೃತಕ ಬುದ್ಧಿ ಎಂಬುದು ಹಿಂದಿನ ಯಂತ್ರಗಳ ಹಾಗಲ್ಲ. ನೇಗಿಲಿನ ಬದಲು ಟ್ರ್ಯಾಕ್ಟರ್ ಬಂದಾಗ ನಮ್ಮ ತೋಳಿನ ಕೆಲಸ ಹೋಯಿತು, ಯಾವ ಹೊಲ ಯಾವಾಗ ಉಳಬೇಕೆಂಬ ತೀರ್ಮಾನ ನಮ್ಮಲ್ಲೇ ಉಳಿಯಿತು. ಇದು ಹಾಗಲ್ಲ, ತೀರ್ಮಾನಕ್ಕೇ ಕೈಹಾಕುತ್ತದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಎಂಬುದು ಬಂದ ಮೇಲೆ ಇದು ಮನೆಮಾತಾಯಿತು. ಇದರ ಒಳಗುಟ್ಟನ್ನು ತಿಳಿದವರಿಂದ ಕೇಳಿ ನಾವು ಅರ್ಥಮಾಡಿಕೊಂಡದ್ದು ಇಷ್ಟು: ಜನರು ಬರೆದಿಟ್ಟ ಕೋಟ್ಯಂತರ ಪುಟಗಳನ್ನು ಅದಕ್ಕೆ ಉಣಿಸಿರುತ್ತಾರೆ. ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಹೆಚ್ಚು ಸಂಭವ ಎಂದು ಅದು ಲೆಕ್ಕ ಹಾಕಿ ಪದ ಪದವಾಗಿ ಪೋಣಿಸುತ್ತದೆ. ಸಂತೆಯಿಂದ ಮನೆಗೆ ನೂರು ಸಲ ನಡೆದ ಗಾಡಿಯೆತ್ತು, ಯಜಮಾನ ನಿದ್ದೆ ಹೋದರೂ ಮನೆ ಮುಟ್ಟಿಸುತ್ತದೆ. ಆದರೆ ಅಂದು ಅವನು ಹೋಗಬೇಕಾದದ್ದು ಬೀಗರ ಊರಿಗೆ ಎಂದಾದರೆ, ಎತ್ತು ಅಷ್ಟೇ ಭರವಸೆಯಿಂದ ಮನೆಯ ಕಡೆಗೇ ಎಳೆಯುತ್ತದೆ. ಎತ್ತಿನ ಮುಖದಲ್ಲಿ ಸಂಶಯ ಕಾಣಿಸುವುದಿಲ್ಲ. ಈ ಯಂತ್ರದ ಮಾತಿನಲ್ಲೂ ಅಷ್ಟೇ, ಸರಿ ಹೇಳುವಾಗಲೂ ತಪ್ಪು ಹೇಳುವಾಗಲೂ ಒಂದೇ ಧಾಟಿ.

ಇದರಿಂದ ನಮಗೆ ಆಗಿರುವ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಈ ಕಡೆ ಉಳಿದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಪಟ್ಟಾ, ನೋಟೀಸು, ಬ್ಯಾಂಕಿನ ಪತ್ರ ಯಾವುದು ಬಂದರೂ ಓದಿ ಹೇಳುವವರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಈಗ ಮೊಬೈಲಿನ ಕ್ಯಾಮೆರಾ ಹಿಡಿದರೆ ತಮಿಳು ಕಾಗದ ಕನ್ನಡದಲ್ಲಿ ಕಾಣುತ್ತದೆ. ಕನ್ನಡವೇನೋ ಪುಸ್ತಕದ್ದು, ನಮ್ಮ ಸೀಮೆಯ ಮಾತು ಅದಕ್ಕೆ ಅಷ್ಟಾಗಿ ತಿಳಿಯದು. ಆದರೂ ಕೆಲಸ ನಡೆಯುತ್ತದೆ. ಅರ್ಜಿ ಬರೆದುಕೊಡುವವರ ಮುಂದೆ ಅರ್ಧ ದಿನ ಕಾಯುವುದು ತಪ್ಪಿದೆ. ಆದರೆ ಆ ಅರ್ಜಿ ಬರೆಯುವವರು ಎರಡು ಭಾಷೆ ಬಲ್ಲವರಷ್ಟೇ ಆಗಿರಲಿಲ್ಲ. ಯಾವ ಮಾತು ಬರೆದರೆ ಅರ್ಜಿ ಹಿಂದಕ್ಕೆ ಬರುತ್ತದೆ, ಯಾವ ದಾಖಲೆ ಲಗತ್ತಿಸದಿದ್ದರೆ ಮೂರು ತಿಂಗಳು ಮೂಲೆ ಸೇರುತ್ತದೆ ಎಂಬುದನ್ನೂ ಬಲ್ಲವರು. ಆ ತಿಳಿವಳಿಕೆ ಯಾವ ಪುಟದಲ್ಲೂ ಬರೆದಿರಲಿಲ್ಲ, ಆದ್ದರಿಂದ ಯಂತ್ರಕ್ಕೆ ಉಣಿಸಲೂ ಆಗಿಲ್ಲ.

ಆನೆಯ ವಿಷಯವೂ ಹಾಗೆಯೇ. ನಮ್ಮ ಸುತ್ತಲಿನ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಆನೆ ನಮಗೆ ಪತ್ರಿಕೆಯ ಸುದ್ದಿಯಲ್ಲ, ಜೋಳದ ಹೊಲದ ನಿತ್ಯದ ಸಂಗತಿ. ಕರುಪ್ಪನ್ ಎಂಬ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸುವವರೆಗೆ ನಾವು ಕಳೆದ ರಾತ್ರಿಗಳನ್ನು ಮರೆತಿಲ್ಲ. ಕೊಯಮತ್ತೂರಿನ ಬಳಿ ಮಧುಕ್ಕರೈಯಲ್ಲಿ ರೈಲು ಹಳಿಯ ಪಕ್ಕ 12 ಗೋಪುರ ಕಟ್ಟಿ, ಶಾಖ ಗುರುತಿಸುವ ಕ್ಯಾಮೆರಾ ಇಟ್ಟು, ಆನೆ ಹಳಿಯ ಹತ್ತಿರ ಬಂದರೆ ಯಂತ್ರವೇ ಗುರುತಿಸಿ ರೈಲಿನವರಿಗೂ ಅರಣ್ಯದವರಿಗೂ ತಿಳಿಸುವ ವ್ಯವಸ್ಥೆಯನ್ನು 2024ರ ಫೆಬ್ರವರಿಯಲ್ಲಿ ಪ್ರಾರಂಭಿಸಿದರು. ಕತ್ತಲಲ್ಲಿ ಮನುಷ್ಯನ ಕಣ್ಣಿಗೆ ಸಾಧ್ಯವಿಲ್ಲದ್ದು ಅದು, ಒಳ್ಳೆಯ ಕೆಲಸ. ಆದರೆ ಗಂಟೆ ಬಾರಿಸಿದ ಮೇಲೆ ಎದ್ದು ಹೋಗಿ, ಗಾಳಿ ಯಾವ ಕಡೆ ಬೀಸುತ್ತಿದೆ, ಮರಿ ಜೊತೆಗಿದೆಯೇ, ಯಾವ ದಿಕ್ಕಿಗೆ ತಿರುಗಿಸಬೇಕು ಎಂದು ಅರಿಯುವವರು ಕಾಡು ತಿರುಗಿದ ಕಾವಲುಗಾರರೇ ಆಗಬೇಕು.

ಇನ್ನು ನಮ್ಮ ತಪ್ಪಿನ ಮಾತು.

ನಾವು ಬಿ.ಕಾಂ. ಮುಗಿಸಿ ಮೊದಲು ಸೇರಿದ್ದು ಒಂದು ಮಂಡಿಯಲ್ಲಿ. ಪದವಿ ಹಿಡಿದು ಹೋದವರಿಗೆ ಹಳೆಯ ಗುಮಾಸ್ತರು ಕೊಟ್ಟ ಕೆಲಸ ರೋಜು ಕಿರ್ದಿಯ ಕೂಡಿಕೆ. ಒಂದಲ್ಲ ಎರಡಲ್ಲ, ಸುಮಾರು ಎರಡು ವರ್ಷ ಅದೇ ಕೆಲಸ. ಕಿರ್ದಿಯಿಂದ ಖಾತೆಗೆ ಎತ್ತಿ ಬರೆಯುವುದು, ಕೂಡುವುದು, ತಾಳೆ ನೋಡುವುದು. ತಾಳೆ ಬೀಳದಿದ್ದರೆ ಬಿದ್ದಿತೆನ್ನುವವರೆಗೆ ಮನೆಗೆ ಹೋಗುವಂತಿರಲಿಲ್ಲ. ಆ ಗುಮಾಸ್ತರು ಹೇಳಿಕೊಟ್ಟ ಒಂದು ಸೂತ್ರ ಇಂದಿಗೂ ನೆನಪಿದೆ: ವ್ಯತ್ಯಾಸದ ಮೊತ್ತ ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ, ಎಲ್ಲೋ ಅಂಕಿಗಳು ಹಿಂದುಮುಂದಾಗಿರುವ ಸಂಭವ ಹೆಚ್ಚು, ಅದನ್ನೇ ಮೊದಲು ಹುಡುಕು. 54ರ ಬದಲು 45 ಬರೆದರೆ ವ್ಯತ್ಯಾಸ 9. ಯಾವ ಅಂಕಿಯನ್ನು ಹೀಗೆ ತಿರುವಿದರೂ ಹಾಗೆಯೇ. ಇಷ್ಟು ಸಣ್ಣ ಸೂತ್ರ ಎಷ್ಟು ರಾತ್ರಿಗಳನ್ನು ಉಳಿಸಿತೆಂದು ಲೆಕ್ಕ ಬರೆದ ವರ್ತಕರಿಗೆ ಗೊತ್ತು. ಆಮೇಲೆ ಟ್ಯಾಲಿ ಬಂದಿತು. ಬೆಂಗಳೂರಿನಲ್ಲಿ 1986ರಲ್ಲಿ ತಂದೆಯ ವ್ಯಾಪಾರದ ಲೆಕ್ಕಕ್ಕಾಗಿ ಮಗ ಭರತ್ ಗೋಯೆಂಕಾ ಬರೆದ ಆ ತಂತ್ರಾಂಶ ದೇಶದ ಅಂಗಡಿಗಳನ್ನೆಲ್ಲ ಹೊಕ್ಕಿತು. ಕೂಡಿಕೆ ಅದೇ ಮಾಡಿತು. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದ ಮೇಲಂತೂ ಕೈಲೆಕ್ಕ ಇಡುವವರೇ ವಿರಳರಾದರು. ಆದರೂ ಟ್ಯಾಲಿಯಲ್ಲಿ ಅಂಕಿ ತುಂಬುವವರು ನಾವೇ ಆಗಿದ್ದೆವು, ಯಾವ ಖರ್ಚು ಯಾವ ಖಾತೆಗೆ ಎಂದು ತೀರ್ಮಾನಿಸುವವರೂ ನಾವೇ ಆಗಿದ್ದೆವು.

ಹೋದ ವರ್ಷ ಶ್ರೀಮಠದ ದಾಸೋಹದ ವಾರ್ಷಿಕ ಲೆಕ್ಕ ಸಿದ್ಧಪಡಿಸುವಾಗ, ನಮಗೆ ಸಹಾಯಕ್ಕಿದ್ದ ವಿದ್ಯಾರ್ಥಿ ಒಬ್ಬನು ಕಿರ್ದಿಯ ಪುಟಗಳ ಫೋಟೋ ಹಿಡಿದು ಈ ಕೃತಕ ಬುದ್ಧಿಗೆ ಕೊಟ್ಟ. ನಾಲ್ಕು ದಿನದ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ಅಚ್ಚುಕಟ್ಟಾದ ಪಟ್ಟಿ. ಒಂದು ಕಡೆ 'ರಾಗಿ 2 ಪಲ್ಲ' ಎಂಬುದನ್ನು 'ಪಲ್ಯ' ಎಂದು ಓದಿ, ರಾಗಿಯನ್ನು ತರಕಾರಿ ಖರ್ಚಿಗೆ ಸೇರಿಸಿತ್ತು. ಅದನ್ನು ನೋಡಿ ನಾವಿಬ್ಬರೂ ನಕ್ಕು ತಿದ್ದಿದೆವು. ಆ ಒಂದು ತಪ್ಪು ಸಿಕ್ಕಿತಲ್ಲ, ಉಳಿದದ್ದೆಲ್ಲ ಸರಿಯಿದೆ ಎಂಬ ಧೈರ್ಯ ಬಂದುಬಿಟ್ಟಿತು. ಪಟ್ಟಿಯ ಕೊನೆಯಲ್ಲಿ ಒಂದು ಸಾಲಿತ್ತು: ಉಗ್ರಾಣದವರಿಂದ ಬರಬೇಕಾದ ಬಾಕಿ ರೂ. 4,500.

ಉಗ್ರಾಣ ನೋಡಿಕೊಳ್ಳುವ ಹಿರಿಯರನ್ನು ನಾವು ದೊಡ್ಡಪ್ಪ ಎಂದೇ ಕರೆಯುತ್ತೇವೆ. ಮಠದಲ್ಲಿ ಅವರಿಟ್ಟ ಒಲೆಯ ಬೆಂಕಿಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ, ಅವರ ಕೈಯಿಂದ ಬಡಿಸಿಕೊಂಡು ಉಂಡಿದ್ದೀರಿ. ದಿನಸಿಗೆಂದು ಮುಂಗಡ ಪಡೆದ ಹಣದಲ್ಲಿ 15,000ಕ್ಕೆ 10,500ರ ರಶೀದಿ ಮಾತ್ರ ಕೊಟ್ಟಿದ್ದೀರಿ ಎಂದು ನಾವು ಪಟ್ಟಿ ತೋರಿಸಿ ಕೇಳಿದೆವು. ಕಠಿಣವಾಗಿ ಕೇಳಲಿಲ್ಲ ಎಂದು ನಮ್ಮ ಸಮಾಧಾನ. ಅವರು ಬಹಳ ಹೊತ್ತು ಆ ಕಾಗದವನ್ನೇ ನೋಡಿದರು. ಅಚ್ಚಾದ ಕಾಗದದ ಮುಂದೆ ಬಾಯಿಮಾತಿಗೆ ಬೆಲೆಯಿಲ್ಲವೆಂದು ಅವರಿಗೆ ಅನಿಸಿರಬೇಕು. "ನೀವು ಓದಿದವರು. ಹೀಗೇ ಇದೆ ಅಂದ ಮೇಲೆ ನಾನೇನ್ ಹೇಳಾನಪ್ಪ. ನನ್ನ ಕೈಗೆ ಅಷ್ಟು ಬಂದ ನೆನಪಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು. ಅಂದು ರಾತ್ರಿ ಅವರು ಪ್ರಸಾದ ತೆಗೆದುಕೊಳ್ಳಲಿಲ್ಲ. ಎರಡನೆಯ ದಿನ ಅವರ ಮಗ ಬಂದು, ಹಣ ತುಂಬಿಕೊಡುತ್ತೇವೆ, ಯಾರಿಗೂ ಹೇಳಬೇಡಿ ಎಂದ.

ಆ ಮಾತು ಕೇಳಿದ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. 4,500. ಒಂಬತ್ತು ಐದಲೆ ನಲವತ್ತೈದು. ಎದ್ದು ಹೋಗಿ ಕಿರ್ದಿ ತೆಗೆದೆವು. ನಮ್ಮದೇ ಅಕ್ಷರದಲ್ಲಿ 10,500 ಎಂದಿತ್ತು. ಯಂತ್ರ ಅದನ್ನು 15,000 ಎಂದು ಓದಿತ್ತು. ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಲೆಕ್ಕಕ್ಕಿಂತ ಸರಿಯಾಗಿ 4,500 ರೂಪಾಯಿ ನಮ್ಮ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಕುಳಿತಿತ್ತು. ಅದನ್ನು ಬರೆದಿಡಲು ಮರೆತ ಕಾಣಿಕೆಯಿರಬೇಕೆಂದು ನಾವೇ ಬೇರೆ ಕಟ್ಟಿಟ್ಟಿದ್ದೆವು. ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಅಷ್ಟೇ ಹೆಚ್ಚು. ಇಪ್ಪತ್ತು ವರ್ಷದ ಕೆಳಗೆ ಮಂಡಿಯ ಮೂಲೆಯಲ್ಲಿ ಕುಳಿತಿದ್ದ ಹುಡುಗನಿಗೆ ಇದು ಒಂದು ಗಳಿಗೆಯಲ್ಲಿ ಹೊಳೆಯುತ್ತಿತ್ತು. ನಮಗೆ ಮೂರು ದಿನ ಹಿಡಿಯಿತು. ನಮ್ಮ ಜೊತೆಯಿದ್ದ ವಿದ್ಯಾರ್ಥಿಗೆ ಹೊಳೆಯುವ ದಾರಿಯೇ ಇರಲಿಲ್ಲ, ಏಕೆಂದರೆ ಅವನು ಒಂದು ಪುಟವನ್ನಾದರೂ ಕೈಯಲ್ಲಿ ಕೂಡಿದವನಲ್ಲ. ಅವನ ತಪ್ಪಲ್ಲ ಅದು, ನಾವು ಕೂಡಿಸಲಿಲ್ಲ.

ಬಳಸದ ಕುಡುಗೋಲು ತುಕ್ಕು ಹಿಡಿಯುವುದು ನಮ್ಮೊಬ್ಬರ ಕಥೆಯಲ್ಲ. ಪೋಲೆಂಡ್ ದೇಶದ ನಾಲ್ಕು ಕೇಂದ್ರಗಳಲ್ಲಿ ವೈದ್ಯರು ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ಹುಡುಕುತ್ತಾರೆ. ಅವರಿಗೆ ಗಂಟು ತೋರಿಸಿಕೊಡುವ ಕೃತಕ ಬುದ್ಧಿಯ ಯಂತ್ರ ಕೊಟ್ಟರು. ಕೆಲವು ತಿಂಗಳ ಬಳಿಕ, ಯಂತ್ರವಿಲ್ಲದೆ ಅದೇ ವೈದ್ಯರು ಮಾಡಿದ ಪರೀಕ್ಷೆಗಳನ್ನು ಲೆಕ್ಕ ಹಾಕಿದರು. ಯಂತ್ರ ಬರುವ ಮೊದಲು ನೂರು ಪರೀಕ್ಷೆಗಳಲ್ಲಿ 28.4ರಲ್ಲಿ ಗಂಟು ಪತ್ತೆಯಾಗುತ್ತಿದ್ದರೆ, ಯಂತ್ರಕ್ಕೆ ಒಗ್ಗಿದ ಮೇಲೆ ಅದಿಲ್ಲದಾಗ 22.4ಕ್ಕೆ ಇಳಿದಿತ್ತು. ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ 2025ರ ಆಗಸ್ಟ್‌ನಲ್ಲಿ ಇದು ಪ್ರಕಟವಾಯಿತು. ಆ ವೈದ್ಯರು ಹೊಸಬರಲ್ಲ, ಒಬ್ಬೊಬ್ಬರೂ ಸಾವಿರಾರು ಪರೀಕ್ಷೆ ಮಾಡಿದವರು. ಒಂದು ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೆ ನಮ್ಮ ಪೆಟ್ಟಿಗೆಯ 4,500 ರೂಪಾಯಿ ನೆನೆದಾಗ ನಮಗೆ ಅದು ನಂಬಲಾಗದ ಸಂಗತಿಯೆಂದು ತೋರಲಿಲ್ಲ.

ಈ ಸಂದರ್ಭದಲ್ಲಿ ನುಲಿಯ ಚಂದಯ್ಯ ಶರಣರ ಪ್ರಸಂಗ ನೆನಪಾಗುತ್ತದೆ. ಶೂನ್ಯಸಂಪಾದನೆಯನ್ನು ಕೇಳಿದವರಿಗೆ ತಿಳಿದ ಕಥೆಯೇ. ಚಂದಯ್ಯನವರದು ಹುಲ್ಲು ಕೊಯ್ದು ಹಗ್ಗ ಹೊಸೆಯುವ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳ ಇಷ್ಟಲಿಂಗ ಜಾರಿ ನೀರಿಗೆ ಬಿದ್ದಿತು. ಅವರು ತಿರುಗಿಯೂ ನೋಡದೆ ಕಾಯಕ ಮುಂದುವರಿಸಿದರು. ಲಿಂಗವೇ ಬೆನ್ನು ಹತ್ತಿ ಬಂದು ತನ್ನನ್ನು ಸ್ವೀಕರಿಸೆಂದು ಬೇಡಿಕೊಂಡಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ಸಮಾಧಾನ ಹೇಳಿದ ಮೇಲೆ, ಹಾಗಾದರೆ ಲಿಂಗವೂ ಕಾಯಕ ಮಾಡಲಿ, ಈ ಹಗ್ಗ ಮಾರಿಕೊಂಡು ಬರಲಿ ಎಂದು ಚಂದಯ್ಯನವರು ಒಪ್ಪಿದರು. ಲಿಂಗಯ್ಯ ಹಗ್ಗ ಹೊತ್ತು ಬಸವಣ್ಣನವರಲ್ಲಿಗೆ ಹೋದ. ಬಸವಣ್ಣನವರು ಭಕ್ತಿಯಿಂದ ಹಗ್ಗದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಹೊನ್ನು ಕೊಟ್ಟು ಕಳಿಸಿದರು. ಚಂದಯ್ಯನವರು ಆ ಹೊನ್ನನ್ನು ಮುಟ್ಟಲಿಲ್ಲ. ಹಗ್ಗಕ್ಕೆ ಸಲ್ಲುವುದು ಇಷ್ಟೇ, ಹೆಚ್ಚಿನದು ದಾಸೋಹಕ್ಕೆ ಸಲ್ಲದು ಎಂದು ಹಿಂದಿರುಗಿಸಿದರು.

ಈ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ, ಕಾಯಕ ಲಿಂಗಕ್ಕಿಂತ ದೊಡ್ಡದೆಂದು ತಿಳಿದುಕೊಂಡಿದ್ದೇವೆ. ಈಚೆಗೆ ಅದರೊಳಗೆ ಇನ್ನೊಂದು ಕಾಣುತ್ತಿದೆ. ಚಂದಯ್ಯನವರ ಕೆಲಸದ ಒಂದು ಪಾಲನ್ನು ಇನ್ನೊಬ್ಬನು, ಅದೂ ಸಾಕ್ಷಾತ್ ಪರಶಿವನೇ, ಮಾಡಿಕೊಟ್ಟ. ಅಂಥ ಸಹಾಯಕನನ್ನು ಅವರು ಬೇಡವೆನ್ನಲಿಲ್ಲ. ಆದರೆ ಅವನು ತಂದ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಹುಲ್ಲು ಕೊಯ್ದ ಕೈ, ಹೊಸೆದ ಅಂಗೈ ತಮ್ಮದಾಗಿದ್ದರಿಂದ ಹಗ್ಗದ ಬೆಲೆ ಅವರಿಗೆ ಗೊತ್ತಿತ್ತು. ತಪ್ಪು ಬೆಲೆ ಬಂದಾಗ ತಪ್ಪು ಎಂದು ಗುರುತಿಸಿದರು. ಹಗ್ಗ ಹೊಸೆಯದವನೊಬ್ಬ ಅಲ್ಲಿದ್ದರೆ ದೇವರೇ ತಂದದ್ದಲ್ಲವೇ ಎಂದು ಹೊನ್ನನ್ನು ಎಣಿಸಿ ಇಟ್ಟುಕೊಳ್ಳುತ್ತಿದ್ದ, ಇಲ್ಲವೇ ಕಡಿಮೆ ಬಂದಿದ್ದರೂ ಸುಮ್ಮನಿರುತ್ತಿದ್ದ. ನಾವು ಅಚ್ಚಾದ ಪಟ್ಟಿಯನ್ನು ಲಿಂಗದಂತೆ ನಂಬಿ ದೊಡ್ಡಪ್ಪನವರನ್ನು ಸಂಶಯಿಸಿದೆವಲ್ಲ, ಅದೇ ತರಹ.

ಇಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಈ ಯಂತ್ರದಿಂದ ಹೊಸಬರು ಬೇಗ ಪಳಗುವುದೂ ಉಂಟು. ಅಮೆರಿಕದ ಅರ್ಥಶಾಸ್ತ್ರಜ್ಞರು ಗಿರಾಕಿಗಳ ದೂರಿಗೆ ಉತ್ತರ ಕೊಡುವ 5,000ಕ್ಕೂ ಹೆಚ್ಚು ನೌಕರರನ್ನು ಪರಿಶೀಲಿಸಿ 2023ರಲ್ಲಿ ಹೇಳಿದ್ದು: ಕೃತಕ ಬುದ್ಧಿಯ ಸಲಹೆ ಸಿಕ್ಕಿದ ಮೇಲೆ ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಶೇಕಡ 14 ಹೆಚ್ಚಿದವು, ಹೊಸಬರಲ್ಲಿ ಶೇಕಡ 34 ಹೆಚ್ಚಿದವು, ಚೆನ್ನಾಗಿ ಪಳಗಿದವರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಕಾರಣ ಸರಳ. ಪಳಗಿದವರು ಹೇಗೆ ಉತ್ತರ ಕೊಡುತ್ತಾರೆಂಬುದನ್ನೇ ಯಂತ್ರ ಕಲಿತು ಹೊಸಬರ ಕಿವಿಯಲ್ಲಿ ಉಸುರಿತು. ಒಳ್ಳೆಯದೇ. ಆದರೆ ವರ್ತಕ ಬಂಧುಗಳು ಇದನ್ನು ಲೆಕ್ಕದ ಕಣ್ಣಿನಿಂದ ನೋಡಲಿ: ಆ ಜಾಣತನ ಯಾರ ಬಂಡವಾಳ? ಅದರ ಲಾಭದಲ್ಲಿ ಅವರ ಪಾಲು ಯಾವ ಖಾತೆಯಲ್ಲಿದೆ? ಇಂದು ಪಳಗಿದವರಿಂದ ಯಂತ್ರ ಕಲಿಯಿತು, ನಾಳೆ ಪಳಗಿದವರೇ ತಯಾರಾಗದಿದ್ದರೆ ಅದು ಯಾರಿಂದ ಕಲಿಯುವುದು? ಬೀಜದ ಅರಿಸಿನವನ್ನೂ ಬೇಯಿಸಿ ಮಾರಿದ ರೈತನ ಮುಂದಿನ ಮುಂಗಾರು ಹೇಗಿರುತ್ತದೆಂದು ನಿಮಗೆ ಹೇಳಬೇಕೇ?

ಈಗ ಆ ಹಿರಿಯರ ಪ್ರಶ್ನೆಗೆ ಬರುತ್ತೇವೆ. ಅಜ್ಜಾ, ಮೊಮ್ಮಗನನ್ನು ಬಿಡಿಸಬೇಡಿ. ಆದರೆ ಪದವಿ ಕಾಗದ ಒಂದಿದ್ದರೆ ಸಾಕೆಂದೂ ತಿಳಿಯಬೇಡಿ. ಬೆಂಗಳೂರಿನಲ್ಲಿ ಮಕ್ಕಳಿರುವ ಭಕ್ತರಿಗೆ ನೆನಪಿರಬಹುದು, ಟಿ.ಸಿ.ಎಸ್.ನಂಥ ದೊಡ್ಡ ಕಂಪನಿಯೇ 2025ರ ಜುಲೈನಲ್ಲಿ ಸುಮಾರು 12,000 ಮಂದಿಯನ್ನು ಬಿಡಿಸುವುದಾಗಿ ಹೇಳಿತು. ಕೃತಕ ಬುದ್ಧಿಯಿಂದಲ್ಲ, ಇರುವ ಕೌಶಲ ಬೇಕಾದ ಕೆಲಸಕ್ಕೆ ಹೊಂದುತ್ತಿಲ್ಲ ಎಂಬುದು ಅವರ ವಿವರಣೆ. ಕೆಲಸ ಕಳೆದುಕೊಂಡವರಿಗೆ ಆ ವಿವರಣೆಯಿಂದ ಏನು ಸಮಾಧಾನವೋ ನಾವರಿಯೆವು. ನಿಮ್ಮ ಮೊಮ್ಮಗ ಕಾಲೇಜಿನ ರಜೆಯಲ್ಲಿ ಯಾವುದಾದರೊಂದು ಅಂಗಡಿಯಲ್ಲಿ ಕುಳಿತು, ಸರಕು ತೂಗಿ, ಚೀಟಿ ಬರೆದು, ಸಂಜೆ ಪೆಟ್ಟಿಗೆ ಎಣಿಸಿ ತಾಳೆ ನೋಡಲಿ. ಆಮೇಲೆ ಯಂತ್ರವನ್ನು ಬಳಸಲಿ, ಧಾರಾಳವಾಗಿ ಬಳಸಲಿ.

ಈ ಮಾತು ನಡೆಯಬೇಕಾದರೆ ಅಂಗಡಿಯ ಯಜಮಾನರು ಮನಸ್ಸು ಮಾಡಬೇಕು. ಕಲಿಯುವ ಹುಡುಗನ ಮೊದಲೆರಡು ವರ್ಷದ ಕೆಲಸವೇ ಯಂತ್ರ ಎಲ್ಲಕ್ಕಿಂತ ಮೊದಲು ಕಿತ್ತುಕೊಳ್ಳುವ ಕೆಲಸ. ಕೂಡಿಕೆ, ನಕಲು, ಚೀಟಿ, ಪತ್ರ. ಮೊಬೈಲಿನಲ್ಲಿ ಬಿಟ್ಟಿಯಾಗಿ ಆಗುವ ಕೆಲಸಕ್ಕೆ ಹುಡುಗನೊಬ್ಬನಿಗೆ ಸಂಬಳವೇಕೆ ಎಂದು ನಿಮಗೆ ಅನಿಸುವುದು ಸಹಜ, ನಾವೂ ಲೆಕ್ಕದವರೇ. ಆದರೆ ಹತ್ತು ವರ್ಷದ ಮೇಲೆ ನಿಮ್ಮ ಗದ್ದಿಗೆಯ ಮೇಲೆ ಕುಳಿತು, ಕೊಂಬು ಮುರಿದು ಸದ್ದು ಕೇಳುವವನು, 4,500 ಎಂದೊಡನೆ ಹುಬ್ಬೇರಿಸುವವನು ಎಲ್ಲಿಂದ ಬರಬೇಕು? ಆ ಹುಡುಗನಿಗೆ ಕೊಡುವ ಸಂಬಳವನ್ನು ಕೂಲಿ ಖರ್ಚಿನಲ್ಲಿ ಬರೆಯಬೇಡಿ, ಬೀಜದ ಖರ್ಚಿನಲ್ಲಿ ಬರೆಯಿರಿ.

ಕಿರ್ದಿ ಸಿಕ್ಕಿದ ಮರುದಿನ ಬೆಳಿಗ್ಗೆ ನಾವು ಉಗ್ರಾಣಕ್ಕೆ ಹೋಗಿ ದೊಡ್ಡಪ್ಪನವರ ಪಾದ ಮುಟ್ಟಿ ತಪ್ಪಾಯಿತೆಂದು ಕೇಳಿಕೊಂಡೆವು. ಅವರು ಒಲೆಗೆ ಸೌದೆ ಇಡುತ್ತಿದ್ದರು. "ಬುಕ್ಕು ನೋಡಿದ್ರಾ?" ಎಂದರು. ನೋಡಿದೆವು ಎಂದೆವು. "ಮೊದಲೇ ನೋಡಬೇಕಿತ್ತು ಕನಪ್ಪ" ಎಂದು, ಅಷ್ಟಕ್ಕೇ ಬಿಟ್ಟು, ಕಾಫಿ ಕೊಟ್ಟರು. ಹೆಸರು ಹೇಳದೆ ಈ ವಿಷಯ ಬರೆಯಲು ಅವರ ಒಪ್ಪಿಗೆ ಪಡೆದಿದ್ದೇವೆ.

ಪೂಜ್ಯರ ಅಪ್ಪಣೆಯಂತೆ, ವಿದ್ಯಾರ್ಥಿ ನಿಲಯದ ಮಕ್ಕಳು ಸರದಿಯ ಮೇಲೆ ಒಂದೊಂದು ತಿಂಗಳು ದಾಸೋಹದ ಕಿರ್ದಿಯನ್ನು ಕೈಯಲ್ಲಿ ಬರೆದು, ಕೂಡಿ, ತಾಳೆ ನೋಡುವ ಏರ್ಪಾಡಾಗಿದೆ. ತಿಂಗಳ ಕೊನೆಯಲ್ಲಿ ಯಂತ್ರಕ್ಕೂ ಕೊಟ್ಟು ಎರಡನ್ನೂ ಹೋಲಿಸುತ್ತಾರೆ. ಮೊದಲ ತಿಂಗಳಲ್ಲಿ ಯಂತ್ರದ ತಪ್ಪು ಎರಡು, ಹುಡುಗರ ತಪ್ಪು ಹನ್ನೊಂದು. ಹುಡುಗರಿಗೆ ಅವಮಾನವಾಯಿತು, ಆದರೆ ಹದಿಮೂರನ್ನೂ ಅವರೇ ಹುಡುಕಿದರು.

ಮುಂದಿನ ಹುಣ್ಣಿಮೆಯ ಗೋಷ್ಠಿಗೆ ಬರುವ ಭಕ್ತರು, ಮನೆಯಲ್ಲಿ ಹಿರಿಯರು ಬರೆದ ಹಳೆಯ ಕಿರ್ದಿ ಪುಸ್ತಕಗಳಿದ್ದರೆ ದಯಮಾಡಿ ತರಬೇಕಾಗಿ ಕೋರುತ್ತೇವೆ. ಮಕ್ಕಳಿಗೆ ತೋರಿಸಿ ಅಂದೇ ಹಿಂದಿರುಗಿಸುತ್ತೇವೆ. ಅರಿಸಿನ ಬೇಯಿಸುವುದನ್ನು ಬಲ್ಲ ಹಿರಿಯರು ಗೋಷ್ಠಿಗೆ ಬರಲಾಗದಿದ್ದರೆ ತಿಳಿಸಿ, ಕಟಾವಿನ ಕಾಲಕ್ಕೆ ನಿಲಯದ ಮಕ್ಕಳನ್ನು ಕರೆದುಕೊಂಡು ನಾವೇ ಅವರ ಹೊಲಕ್ಕೆ ಬರುತ್ತೇವೆ.

ಕಾರ್ಯದರ್ಶಿ, ಶ್ರೀಮಠ